ಕರಿ ಐದರಿಂದ ಕರಿ ಮೂರಕ್ಕೆ

ನನ್ನ ಪಟ್ಟಿ ಕರಿ ಐದು ಎಂದು ನಾನು ಹದಿಮೂರು ವರ್ಷ ಜಂಬದಿಂದ ಹೇಳಿಕೊಂಡು ತಿರುಗಿದ್ದೇನೆ. ಅದರಲ್ಲಿ ಮೊದಲ ಒಂಬತ್ತು ವರ್ಷ ನಾನು ಹೇಳಿದ್ದು ನಿಜ. ಉಳಿದ ನಾಲ್ಕು ವರ್ಷ ಹೇಳಿದ್ದು ಶುದ್ಧ ಸುಳ್ಳು. ಅದು ಸುಳ್ಳೆಂದು ಇಡೀ ಬ್ಯಾಂಡಿನಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ.

ಸಂಗೀತದ ಗೊಡವೆಗೆ ಹೋಗದವರಿಗೆ ಇಷ್ಟು ಹೇಳಿದರೆ ಸಾಕು. ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಬಿಳಿ ಮನೆ, ಕರಿ ಮನೆ ಎಂದು ಎರಡು ಬಗೆ. ಯಾವ ಮನೆಯನ್ನು ‘ಸಾ’ ಎಂದು ಹಿಡಿದು ನೀವು ಹಾಡುತ್ತೀರೋ ಅದು ನಿಮ್ಮ ಪಟ್ಟಿ. ಐದನೆಯ ಕರಿ ಮನೆಯೆಂದರೆ ಎತ್ತರದ ದನಿ, ಮೂರನೆಯದು ಅದಕ್ಕಿಂತ ಸಾಕಷ್ಟು ಕೆಳಗೆ. ನಮ್ಮ ಕಡೆಯ ಭಜನೆಯವರು ಹೊಸಬರನ್ನು ಕಂಡರೆ ಯಾವ ಊರು ಎಂದು ಕೇಳುವ ಮೊದಲು ಯಾವ ಪಟ್ಟಿ ಎಂದು ಕೇಳುತ್ತಾರೆ. ಹಾಗೆ ಕೇಳಿಸಿಕೊಳ್ಳುವುದೆಂದರೆ ನನಗೆ ಬಹಳ ಖುಷಿ. ಹೆಣ್ಣುಮಕ್ಕಳಲ್ಲೂ ಕರಿ ಐದರಲ್ಲಿ ಗಂಟಲು ಬಿಟ್ಟು ಹಾಡುವವರು ನಮ್ಮ ನಾಲ್ಕು ತಾಲೂಕಿನಲ್ಲಿ ಕಡಿಮೆ, ಮತ್ತು ಅದನ್ನು ನಾನು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ.

ನಮ್ಮದು ಆರ್ಕೆಸ್ಟ್ರಾ ಅಲ್ಲ, ಬ್ಯಾಂಡು. ಈ ವ್ಯತ್ಯಾಸ ತಿಳಿಸಿ ಹೇಳುವುದರಲ್ಲೇ ನಮ್ಮ ಗಿಟಾರ್ ಅಣ್ಣನ ಅರ್ಧ ಆಯುಷ್ಯ ಹೋಯಿತು. ತೊಂಬತ್ತರ ದಶಕದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಹೋದರೂ ಗಣಪತಿ ಹಬ್ಬಕ್ಕೆ, ಮದುವೆಗೆ, ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಹತ್ತು ಹನ್ನೆರಡು ಜನರ ಆರ್ಕೆಸ್ಟ್ರಾಗಳು ಬರುತ್ತಿದ್ದವು. ಅವರ ಬಳಿ ಎರಡು ಕೀಬೋರ್ಡು, ಹೊಳೆಯುವ ಅಂಗಿ, ನಡುನಡುವೆ ನಗೆಹನಿ ಹೇಳುವವನು, ಎಲ್ಲ ಇರುತ್ತಿತ್ತು. ನಾವು ನಾಲ್ಕೇ ಜನ. ಸಿಂದಗಿಯ ಗಿಟಾರ್ ಅಣ್ಣ, ಇಂಡಿಯಲ್ಲಿ ಲಿಂಬೆಹಣ್ಣಿನ ವ್ಯಾಪಾರ ಮಾಡಿಕೊಂಡು ನಮ್ಮಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದ ಸಾವ್ಕಾರರು, ಮುದ್ದೇಬಿಹಾಳದಲ್ಲಿ ಬಸ್ ಕಂಡಕ್ಟರಾಗಿದ್ದ ಡ್ರಮ್ಮಿನ ತಮ್ಮ, ಮತ್ತು ಬಾಗೇವಾಡಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದ ನಾನು. ಕೀಬೋರ್ಡೇ ಇಲ್ಲವೇ ಎಂದು ಜನ ಮೂಗು ಮುರಿಯುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಆ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಅಣ್ಣ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಮೋಟಾರು ರಿವೈಂಡಿಂಗ್. ಬಾವಿ ಬೋರಿನ ಮೋಟಾರು ಸುಟ್ಟರೆ ರೈತರು ಅದನ್ನು ಎತ್ತಿನ ಗಾಡಿಯಲ್ಲೋ ಟೆಂಪೋದಲ್ಲೋ ಹೇರಿಕೊಂಡು ಅವರ ಅಂಗಡಿಗೆ ತರುತ್ತಿದ್ದರು. ಸುಟ್ಟ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು ಅವರ ಕೆಲಸ. ಮುಂಬೈಯಲ್ಲಿದ್ದ ಅವರ ಸಂಬಂಧಿಯೊಬ್ಬರು ಒಮ್ಮೆ ಊರಿಗೆ ಬರುವಾಗ ಯಾವುದೋ ಹೊರದೇಶದ ಬ್ಯಾಂಡಿನ ಕ್ಯಾಸೆಟ್ ತಂದಿದ್ದರು. ಜನ ತುಂಬಿದ ಮೈದಾನದಲ್ಲಿ ಬಾರಿಸಿದ್ದನ್ನು ಹಾಗೆಯೇ ರೆಕಾರ್ಡ್ ಮಾಡಿದ್ದು. ಹಾಡಿನ ಒಂದು ಅಕ್ಷರವೂ ಅಣ್ಣನಿಗೆ ಅರ್ಥವಾಗಲಿಲ್ಲ. ಆದರೆ ಹಾಡುವವನು ಸುಮ್ಮನಾದ ಮೇಲೆ ಗಿಟಾರೊಂದೇ ಮಾತಾಡತೊಡಗಿ, ಆ ಸಾವಿರಾರು ಜನ ಹೋ ಎಂದು ಕೂಗುತ್ತಾರಲ್ಲ, ಅದು ಅವರ ತಲೆಯಲ್ಲಿ ಕೂತುಬಿಟ್ಟಿತು. ಸೊಲ್ಲಾಪುರಕ್ಕೆ ಹೋಗಿ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರು ಹುಡುಕಿ ತಂದರು. ಅದರೊಳಗೆ ತಂತಿಯ ಕಂಪನವನ್ನು ಹಿಡಿಯುವ ಸಣ್ಣದೊಂದು ಸುರುಳಿ ಇರುತ್ತದೆ, ಅದು ಕೆಟ್ಟಿತ್ತು. ಮಾರಿದವನಿಗೆ ಅದು ದೊಡ್ಡ ರಿಪೇರಿ. ಅಣ್ಣನಿಗೆ ಅದು ಮೋಟಾರಿನ ಮೊಮ್ಮಗು. ಕೂದಲಿನಷ್ಟು ತೆಳ್ಳನೆಯ ತಂತಿ ತರಿಸಿ ತಮ್ಮ ಅಂಗಡಿಯಲ್ಲೇ ಸುತ್ತಿಕೊಂಡರು.

ಅವರ ಗಿಟಾರಿನ ದನಿಯನ್ನು ಹೇಗೆ ಹೇಳಲಿ? ಬೇಕಾದಾಗ ಕೊಳಲಿನಷ್ಟು ತಿಳಿಯಾಗಿರುತ್ತಿತ್ತು, ಆಂಪ್ಲಿಫೈಯರ್ ಪೆಟ್ಟಿಗೆಯ ಗುಂಡಿ ತಿರುವಿದರೆ ಗುಡುಗುತ್ತಿತ್ತು. ಹೊರ್ತಿಯಲ್ಲಿ ಮೊದಲ ಸಲ ಗುಡುಗಿಸಿದಾಗ ಮೈಕ್‌ಸೆಟ್ಟಿನ ಮಾಲಕ ಓಡಿಬಂದು ಕರೆಂಟನ್ನೇ ತೆಗೆದುಬಿಟ್ಟ. ತನ್ನ ಸ್ಪೀಕರು ಹರಿಯಿತು ಎಂದು ಅವನ ಗಾಬರಿ. ಸ್ಪೀಕರು ಹರಿದಿಲ್ಲ, ಇದು ಹೀಗೆಯೇ ಬಾರಿಸುವುದು ಎಂದು ಅವನಿಗೆ ತಿಳಿಹೇಳುವಾಗ ಡ್ರಮ್ಮಿನ ತಮ್ಮ ಬಾರಿಸುವುದನ್ನು ನಿಲ್ಲಿಸಲೇ ಇಲ್ಲ. ಜನ ಚಪ್ಪಾಳೆಯಲ್ಲಿ ತಾಳ ಹಿಡಿದರು. ಕರೆಂಟು ಮತ್ತೆ ಬಂದಾಗ ಗಿಟಾರು ಅದೇ ತಾಳಕ್ಕೆ ಬಂದು ಕೂಡಿಕೊಂಡಿತು. ಅಂದಿನಿಂದ ಕರೆಂಟು ಹೋದರೂ ತಾಳ ನಿಲ್ಲಿಸುವಂತಿಲ್ಲ ಎಂಬುದು ನಮ್ಮ ಬ್ಯಾಂಡಿನ ಕಾಯಿದೆಯಾಯಿತು. ನಮ್ಮ ಭಾಗದಲ್ಲಿ ಕರೆಂಟು ಹೋಗದ ಕಾರ್ಯಕ್ರಮ ಇರಲಿಲ್ಲವಾದ್ದರಿಂದ ಈ ಕಾಯಿದೆಗೆ ಪುರುಸೊತ್ತೇ ಸಿಗಲಿಲ್ಲ.

ನಾನು ಸೇರಿದ್ದು ಒಂದು ಶಿಕ್ಷಕರ ಸಮಾವೇಶದಲ್ಲಿ. ನನಗೆ ನಾಡಗೀತೆ ಹಾಡಲು ಹೇಳಿದ್ದರು. ಅದಾದ ಮೇಲೆ ಅಣ್ಣ ನಮ್ಮ ಯಜಮಾನರನ್ನು ಹುಡುಕಿಕೊಂಡು ಹೋಗಿ, ಇವರನ್ನು ನಮ್ಮ ಜೊತೆ ಹಾಡಲು ಕಳಿಸುತ್ತೀರಾ ಎಂದು ಕೇಳಿದರು. ಯಜಮಾನರು ಹೈಸ್ಕೂಲಿನ ಗಣಿತ ಮಾಸ್ತರರು, ಕಡಿಮೆ ಮಾತು. ಅವಳನ್ನೇ ಕೇಳಿ ಎಂದರು. ಸೊಸೆ ಸ್ಟೇಜಿನ ಮೇಲೆ ಕುಣಿಯುವವರ ಜೊತೆ ನಿಲ್ಲುವುದೇ ಎಂದು ಅತ್ತೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಅಣ್ಣ ಮನೆಗೆ ಬಂದು, ನಮ್ಮಲ್ಲಿ ಯಾರೂ ಕುಣಿಯುವುದಿಲ್ಲ, ಡ್ರಮ್ಮಿನವನಂತೂ ಕೂತೇ ಇರುತ್ತಾನೆ ಎಂದು ಗಂಭೀರವಾಗಿ ಹೇಳಿದರು. ಅತ್ತೆ ನಕ್ಕುಬಿಟ್ಟರು. ನನ್ನ ಜೀವನದ ದೊಡ್ಡ ಬಾಗಿಲು ತೆರೆದದ್ದು ಆ ಒಂದು ನಗೆಯಿಂದ.

ನಮ್ಮ ಹೆಸರು ಹಬ್ಬಿಸಿದ್ದು ನಮ್ಮದೇ ಒಂದು ಹಾಡು. ಮಾತು ಸಾವ್ಕಾರರದು, ಧಾಟಿ ಅಣ್ಣನದು. ಜೋಳ ಹಾಲುತೆನೆಗೆ ಬಂದಾಗ ಹೊಲದ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸುವ ಹೆಣ್ಣುಮಗಳ ಹಾಡು ಅದು. ಕೊನೆಗೆ ಅವಳು ಹಕ್ಕಿಗಳಿಗೆ ಹಾಕುವ ಕೂಗು ಬರುತ್ತದೆ, ಮೇಲಿನ ಸಾ ದಾಟಿ ಹೋಗುವ ಉದ್ದನೆಯ ಕೂಗು. ನಾನು ಅದನ್ನು ಹಾಕಿ ನಿಲ್ಲಿಸಿದ ಕ್ಷಣಕ್ಕೆ ಗಿಟಾರು ಅದನ್ನು ಎತ್ತಿಕೊಂಡು ಇನ್ನೂ ಮೇಲೆ ಹೋಗುತ್ತಿತ್ತು. ಎಲ್ಲಿ ನನ್ನ ದನಿ ಮುಗಿಯಿತು, ಎಲ್ಲಿ ತಂತಿ ಶುರುವಾಯಿತು ಎಂದು ಜನರಿಗೆ ಗೊತ್ತಾಗುತ್ತಿರಲಿಲ್ಲ. ಮುಂದೆ ಕೂತ ಹೆಂಗಸರು, ಹಿಂದೆ ಟ್ರ್ಯಾಕ್ಟರಿನ ಮೇಲೆ ನಿಂತ ಗಂಡಸರು, ಎಲ್ಲರೂ ಹೊಲದಲ್ಲಿ ನಿಂತವರ ಹಾಗೆ ಕೂಗುತ್ತಿದ್ದರು. ಹಕ್ಕಿ ಹಾಡು ಹಾಡದೆ ಯಾವ ಊರಿನಿಂದಲೂ ನಮ್ಮನ್ನು ಬಿಡುತ್ತಿರಲಿಲ್ಲ. ಮುಳವಾಡದಲ್ಲಿ ಒಮ್ಮೆ ಮೂರು ಸಲ ಹಾಡಿಸಿದರು.

ಹಾಡು ಎತ್ತುವಾಗ ನನಗೆ ಸುರ ಸಿಗುತ್ತಿದ್ದದ್ದು ಕಿವಿಯಿಂದ ಅರ್ಧ, ಕಣ್ಣಿನಿಂದ ಅರ್ಧ. ಗಿಟಾರಿನ ಉದ್ದ ಕುತ್ತಿಗೆಯ ಮೇಲೆ ಅಡ್ಡ ಕಂಬಿಗಳಿರುತ್ತವೆ. ಎರಡು ಕಂಬಿಗಳ ನಡುವಿನ ಜಾಗಕ್ಕೂ ನಾವು ಮನೆ ಎಂದೇ ಅನ್ನುತ್ತಿದ್ದೆವು. ದಪ್ಪ ತಂತಿಯ ಆರನೆಯ ಮನೆಯಲ್ಲಿ ಅಣ್ಣ ಬೆರಳಿಟ್ಟರೆ ಅದು ಕರಿ ಐದು. ನನಗೆ ದೂರದಿಂದ ಕಾಣಲೆಂದು ಆ ಮನೆಯ ಅಂಚಿಗೆ ನನ್ನದೇ ಒಂದು ಕೆಂಪು ಟಿಕಳಿ ಅಂಟಿಸಿದ್ದರು. ಹಣೆಗೆ ಇಡುವ ಟಿಕಳಿ ಗಿಟಾರಿಗೆ ಇಟ್ಟಿದ್ದೀರಲ್ಲ ಎಂದು ತಮ್ಮ ಚಾಷ್ಟಿ ಮಾಡುತ್ತಿದ್ದ. ಅವರ ಬೆರಳು ಟಿಕಳಿಯ ಬಳಿ ಬಂದರೆ ಸಾಕು, ನಾನು ಕಣ್ಣು ಮುಚ್ಚಿ ಶುರು ಮಾಡುತ್ತಿದ್ದೆ. ಮನೆಯಲ್ಲಿ ನನ್ನ ಬಳಿ ಹಾರ್ಮೋನಿಯಂ ಇರಲಿಲ್ಲ. ಇದ್ದದ್ದೇ ಈ ನಂಬಿಕೆ.

ಒಂಬತ್ತು ವರ್ಷ ಹೀಗೆ ನಡೆದ ಮೇಲೆ ನನ್ನ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಥೈರಾಯ್ಡಿನದು. ತೆಗೆಸಲೇಬೇಕು ಎಂದರು. ದನಿಯ ನರ ಅಲ್ಲಿಯೇ ಹಾದುಹೋಗುತ್ತದೆ, ಎಷ್ಟು ಎಚ್ಚರ ವಹಿಸಿದರೂ ಮೇಲಿನ ಸ್ವರಗಳು ಹಿಂದಿನಂತೆ ಬರದೇ ಇರಬಹುದು ಎಂದು ಡಾಕ್ಟರು ಮೊದಲೇ ಪ್ರಾಮಾಣಿಕವಾಗಿ ಹೇಳಿದ್ದರು. ಆಪರೇಷನ್ ಚೆನ್ನಾಗಿಯೇ ಆಯಿತು. ಆರು ತಿಂಗಳು ಹಾಡಬಾರದು ಎಂದರು. ಪಾಠ ಹೇಳುವುದೂ ಪಿಸುಮಾತಿನಲ್ಲಿ. ಮಕ್ಕಳೂ ನನ್ನನ್ನು ನೋಡಿ ಪಿಸುಮಾತಿನಲ್ಲೇ ಉತ್ತರ ಹೇಳತೊಡಗಿದರು. ನನ್ನ ಕ್ಲಾಸು ಅಷ್ಟು ಶಾಂತವಾಗಿದ್ದದ್ದು ಆ ವರ್ಷ ಮಾತ್ರ.

ಆ ಆರು ತಿಂಗಳಲ್ಲಿ ನನ್ನನ್ನು ತಿಂದದ್ದು ಒಂದೇ ಭಯ. ದನಿ ಇಲ್ಲದ ನಾನು ಯಾರು? ಶಿಕ್ಷಕಿ, ಸೊಸೆ, ತಾಯಿ, ಎಲ್ಲ ಸರಿ. ಆದರೆ ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಮುದುಕಿಯೊಬ್ಬಳು ನನ್ನ ಗದ್ದ ಹಿಡಿದು, ಹಕ್ಕಿ ಓಡಿಸುವ ಮಗಳಲ್ಲವೇ ನೀನು ಎಂದಿದ್ದಳಲ್ಲ, ಅವಳು ಕೇಳಿದ್ದು ಯಾರನ್ನು? ಭಯವಾದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ನೋಡಲು ಬಂದ ಬ್ಯಾಂಡಿನ ಮೂವರ ಮುಂದೆಯೂ ನಾನು ಆಣೆ ಮಾಡಿದ ಹಾಗೆ ಹೇಳಿದೆ. ಹಕ್ಕಿ ಹಾಡನ್ನು ಕರಿ ಐದರಲ್ಲೇ ಹಾಡುತ್ತೇನೆ. ಅದು ಆಗದಿದ್ದರೆ ಮತ್ತೆ ಮೈಕು ಮುಟ್ಟುವುದಿಲ್ಲ. ಪಟ್ಟಿ ಇಳಿಸಿಕೊಂಡು ಹಾಡಿ ಅಯ್ಯೋ ಪಾಪ ಅನ್ನಿಸಿಕೊಳ್ಳುವವಳು ನಾನಲ್ಲ. ಮೂವರೂ ತಲೆಯಾಡಿಸಿದರು. ನನ್ನ ಹಟ ಅವರಿಗೆ ಗೊತ್ತಿತ್ತು.

ಆರು ತಿಂಗಳು ಮುಗಿದ ವಾರವೇ ಸಿಂದಗಿಗೆ ಹೋದೆ. ಅಣ್ಣ ಅಂಗಡಿಯಲ್ಲಿ ತಂತಿ ಸುತ್ತುತ್ತ ಕೂತಿದ್ದರು. ಗಿಟಾರು ಮುಟ್ಟಲೇ ಇಲ್ಲ. ಮೊದಲು ಚಹಾ ಕುಡಿಯಿರಿ, ಸುಮ್ಮನೆ ಏನಾದರೂ ಗುನುಗಿರಿ, ನಾನು ಕೆಲಸ ಮಾಡುತ್ತ ಕೇಳುತ್ತೇನೆ ಎಂದರು. ನಾನು ಜೋಗುಳ, ಸೋಬಾನೆ ಎಂದು ಬಾಯಿಗೆ ಬಂದದ್ದು ಗುನುಗಿದೆ. ಒಂದೆರಡು ಸಲ ಇನ್ನಷ್ಟು ಮೇಲೆ ಹೋಗಿ ನೋಡಿರಿ ಎಂದರು. ದನಿ ಒಡೆಯಿತು. ಇವತ್ತು ಇಷ್ಟು ಸಾಕು, ಹತ್ತು ದಿನ ಬಿಟ್ಟು ಬನ್ನಿ ಎಂದು ಕಳಿಸಿದರು. ಹತ್ತು ದಿನ ಬಿಟ್ಟು ಹೋದಾಗ ಸಾವ್ಕಾರರೂ ತಮ್ಮನೂ ಬಂದು ವಾದ್ಯ ಹೂಡಿಕೊಂಡು ಕೂತಿದ್ದರು. ಅಣ್ಣನ ಬೆರಳು ಟಿಕಳಿಯ ಮನೆಗೆ ಹೋಯಿತು. ನಾನು ಕಣ್ಣು ಮುಚ್ಚಿ ಹಾಡಿದೆ. ಕೂಗಿನ ತನಕ ಹೋದೆ. ದನಿ ಮೊದಲಿನಷ್ಟು ಚೂಪಾಗಿರಲಿಲ್ಲ, ಆದರೆ ಒಡೆಯಲಿಲ್ಲ, ಮೇಲೆ ಹೋಯಿತು, ನಿಂತಿತು. ನಾನು ಅಂಗಡಿಯ ಮೋಟಾರುಗಳ ನಡುವೆ ಕೂತು ಅತ್ತೆ. ದೇವರು ದೊಡ್ಡವನು ಎಂದೆ. ಹೌದ್ರಿ ಎಂದು ಮೂವರೂ ಒಟ್ಟಿಗೆ ಅಂದರು.

ಆಮೇಲಿನ ನಾಲ್ಕು ವರ್ಷ ನನ್ನ ಪಾಲಿಗೆ ಹಬ್ಬ. ಹೋದ ದನಿ ಬಂತು ಎಂಬ ಗತ್ತಿನಲ್ಲಿ ಮೊದಲಿಗಿಂತ ಹೆಚ್ಚು ಹಾಡಿದೆ. ಒಂದು ವಿಷಯ ಮಾತ್ರ ನನಗೆ ಸರಿಬರುತ್ತಿರಲಿಲ್ಲ. ಅಣ್ಣನ ಗಿಟಾರು ಮೊದಲಿನ ಹಾಗೆ ಮೊಳಗುತ್ತಿರಲಿಲ್ಲ. ತಂತಿ ಕಂಬಿಗೆ ತಾಕಿ ಸರಸರ ಎನ್ನುತ್ತಿತ್ತು, ಮೇಲಿನ ಸ್ವರಗಳಲ್ಲಿ ಹೊಳಪಿಲ್ಲ, ಉದ್ದಕ್ಕೆ ಎಳೆದರೆ ಜೋಲುತ್ತಿತ್ತು. ಕೂಗಿನ ನಂತರ ಅದು ನನ್ನನ್ನು ದಾಟಿ ಹೋಗುವ ಜಾಗದಲ್ಲಿ ಜನ ಮೊದಲಿನಂತೆ ಹುಚ್ಚೆದ್ದು ಕೂಗುತ್ತಿರಲಿಲ್ಲ. ಇಂಡಿಯ ಚಹಾದಂಗಡಿಯಲ್ಲಿ ಗಿಟಾರ್ ಅಣ್ಣನ ಕೈ ಇಳಿಯಿತು ಎಂದು ಮಾತಾಡಿಕೊಳ್ಳುತ್ತಿದ್ದರೆಂದು ಸಾವ್ಕಾರರೇ ಹೇಳಿದ್ದರು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮುಚ್ಚಿಕೊಳ್ಳಲಿಲ್ಲ. ಸ್ಟೇಜಿನ ಮೇಲೆಯೇ, ಮೈಕಿನಲ್ಲಿಯೇ, ಒಂದಲ್ಲ ಹತ್ತು ಸಲ ಚಾಷ್ಟಿ ಮಾಡಿದ್ದೇನೆ. ನಮ್ಮ ಅಣ್ಣನವರಿಗೆ ವಯಸ್ಸಾಯಿತು, ಮೋಟಾರು ಸುತ್ತಿ ಸುತ್ತಿ ಬೆರಳು ಮೊಂಡಾಗಿವೆ, ನೀವೇ ಜೋರಾಗಿ ಚಪ್ಪಾಳೆ ಹೊಡೆದು ಎಬ್ಬಿಸಿರಿ ಎಂದು. ಜನ ನಗುತ್ತಿದ್ದರು. ಅಣ್ಣನೂ ನಗುತ್ತಿದ್ದರು. ತಮ್ಮ ಮಾತ್ರ ಆಗ ತಲೆ ತಗ್ಗಿಸಿ ಡ್ರಮ್ಮಿನ ತಿರುಪು ಬಿಗಿಮಾಡುತ್ತಿದ್ದ. ಅದನ್ನು ನೋಡಿದ್ದು ನೆನಪಿದೆ, ಯಾಕೆಂದು ಕೇಳಿಕೊಂಡದ್ದು ನೆನಪಿಲ್ಲ.

ನಾಲ್ಕನೆಯ ವರ್ಷ ನಮ್ಮ ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಬೀಳ್ಕೊಡುಗೆ. ನಿವೃತ್ತ ಸಂಗೀತ ಮಾಸ್ತರರೊಬ್ಬರನ್ನು ಕರೆಸಿದ್ದರು. ಅವರು ಹಾರ್ಮೋನಿಯಮ್ಮಿನ ಮುಂದೆ ಕೂತು ಯಾವ ಪಟ್ಟಿ ಎಂದು ಕೇಳಿದರು. ಇಡೀ ಶಾಲೆಗೆ ಕೇಳುವ ಹಾಗೆ ಕರಿ ಐದು ಎಂದೆ. ಹುಬ್ಬೇರಿಸಿ ನೋಡಿ, ಸುರ ಕೊಟ್ಟರು. ಮೊದಲ ಸಾಲಿಗೇ ಕುತ್ತಿಗೆಯ ನರ ಬಿಗಿಯಿತು. ಎರಡನೆಯ ಸಾಲಿನಲ್ಲಿ ದನಿ ಒಡೆದು ಬರೀ ಗಾಳಿ ಬಂತು. ಮಕ್ಕಳು ಕಿಸಕ್ಕೆಂದರು. ಪೆಟ್ಟಿಗೆ ಕೆಟ್ಟಿದೆ ಎಂದು ನಾನು ಹೇಳಿದೆ, ಆ ಹಿರಿಯರಿಗೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಕರಿ ನಾಲ್ಕಕ್ಕೆ ಇಳಿಸಿದರು. ಆಗಲಿಲ್ಲ. ಕರಿ ಮೂರು ಹಿಡಿದರು. ದನಿ ತನ್ನ ಮನೆಗೆ ಬಂದ ದನದ ಹಾಗೆ ತಾನೇ ಹೋಗಿ ನಿಂತಿತು.

“ಅಕ್ಕೋರ, ನಿಮ್ಮ ಪಟ್ಟಿ ಕರಿ ಮೂರು ಐತ್ರಿ,” ಎಂದರು ಅವರು. “ಚಲೋ ಪಟ್ಟಿನ ಐತಿ. ಯಾಕ ಮ್ಯಾಲ ಹತ್ತಿ ತ್ರಾಸ ತಗೋತೀರಿ?”

ಹಾಡು ಹೇಗೆ ಮುಗಿಸಿದೆನೋ ಗೊತ್ತಿಲ್ಲ. ಹಾಡುತ್ತಿರುವಾಗಲೇ ಎಲ್ಲ ಒಂದೊಂದಾಗಿ ಹೊಳೆಯಿತು. ಅಣ್ಣ ಬೆರಳನ್ನು ಕೆಳಗಿನ ಮನೆಗೆ ಸರಿಸಿದ್ದರೆ ನಾನು ಕಂಡುಹಿಡಿಯುತ್ತಿದ್ದೆ. ಆದ್ದರಿಂದ ಬೆರಳನ್ನು ಅಲ್ಲಿಯೇ ಬಿಟ್ಟು, ಟಿಕಳಿಯ ಮನೆಯಲ್ಲೇ ಕರಿ ಮೂರು ನುಡಿಯುವಷ್ಟು ತಂತಿಗಳನ್ನೇ ಸಡಿಲಿಸಿದ್ದರು, ಆರಕ್ಕೆ ಆರೂ. ಸಾವ್ಕಾರರು ತಮ್ಮ ಬೇಸಿನ ನಾಲ್ಕನ್ನೂ. ನಾನು ಸ್ಟೇಜಿಗೆ ಬರುವ ಮುಂಚೆಯೇ ಸುರ ಕೂಡಿಸುವುದು ಮುಗಿದಿರುತ್ತಿತ್ತು. ಅಷ್ಟು ಸಡಿಲಿಸಿದ ತಂತಿ ಸರಸರ ಎನ್ನದೆ ಮತ್ತೇನು ಮಾಡೀತು? ನನ್ನ ದನಿ ಇಳಿದದ್ದು ನನಗೆ ತಿಳಿಯಬಾರದೆಂದು ಅವರು ತಮ್ಮ ಕೈ ಇಳಿದಿದೆ ಎಂದು ನಾಲ್ಕು ತಾಲೂಕು ನಂಬಲು ಬಿಟ್ಟಿದ್ದರು.

ನಿಜ ಹೇಳುತ್ತೇನೆ, ಮೊದಲು ಬಂದದ್ದು ಕೃತಜ್ಞತೆಯಲ್ಲ, ಸಿಟ್ಟು. ಮನೆಯಲ್ಲಿ ಯಜಮಾನರನ್ನು ಕೇಳಿದೆ, ನಿಮಗೆ ಗೊತ್ತಿತ್ತೇ ಎಂದು. ಅವರು ಪೇಪರು ತಿದ್ದುತ್ತಲೇ, ಗೊತ್ತಿತ್ತು, ಆದರೆ ನೀನು ಸಂತೋಷವಾಗಿದ್ದೆ ಎಂದರು. ಭಾನುವಾರ ಮೊದಲ ಬಸ್ಸಿಗೆ ಸಿಂದಗಿಗೆ ಹೋದೆ. ಅಣ್ಣ ಸುರುಳಿ ಸುತ್ತುತ್ತಿದ್ದರು. ನಾನು ಬಾಗಿಲಲ್ಲೇ ಬೈಯಲು ಶುರು ಮಾಡಿದೆ. ಅವರು ಬಲಗೈಯಲ್ಲಿ ಹಿಡಿಕೆ ತಿರುಗಿಸುತ್ತ ಎಡಗೈಯ ಒಂದು ಬೆರಳನ್ನು ಎತ್ತಿದರು. ಸುತ್ತು ಎಣಿಸುವಾಗ ನಡುವೆ ಮಾತಾಡಿದರೆ ಲೆಕ್ಕ ತಪ್ಪುತ್ತದೆ, ಮತ್ತೆ ಮೊದಲಿನಿಂದ ಸುತ್ತಬೇಕು. ಅವರ ಕಾಯಕ ನನಗೆ ಗೊತ್ತಿತ್ತು. ಬೈಗುಳವನ್ನು ಅರ್ಧಕ್ಕೆ ನುಂಗಿ ಸ್ಟೂಲಿನ ಮೇಲೆ ಕೂತೆ. ಆ ಸುರುಳಿ ಮುಗಿಯುವ ಹೊತ್ತಿಗೆ ನನ್ನ ಸಿಟ್ಟಿನ ಕಾವೂ ಅರ್ಧ ಇಳಿದಿತ್ತು.

“ಅಣ್ಣಾರ, ನನ್ನ ಪಟ್ಟಿ ಯಾವುದು?” ಎಂದೆ.

ಅವರು ತಂತಿ ಕತ್ತರಿಸಿ, ತುದಿ ಮಡಚಿ, ಆಮೇಲೆ ನನ್ನನ್ನು ನೋಡಿದರು. “ಗೊತ್ತಾತೇನ್ರಿ?”

“ನಾಕು ವರ್ಷ ನನ್ನ ಹುಚ್ಚಿ ಮಾಡೀರಿ.”

“ಹುಚ್ಚಿ ಮಾಡಿಲ್ರಿ. ಐದು ಆಗಲಿಲ್ಲಂದ್ರ ಮೈಕ್ ಮುಟ್ಟಂಗಿಲ್ಲ ಅಂದಿದ್ರಿ. ನೀವು ಅಂದ್ರ ಅಂದಂಗ. ತಂತಿ ಇಳಿಸಿದ್ರ ನಾಳಿಗಿ ಏರಸಬಹುದು. ಹಾಡೋರು ಮನಿ ಹಿಡದು ಕುಂತ್ರ ಮತ್ತ ಎಲ್ಲಿಂದ ತರೂದ್ರಿ?”

“ನಿಮ್ಮ ಕೈ ಇಳೀತು ಅಂದ್ರಲ್ಲ ಮಂದಿ. ಅದಕ್ಕೇನಂತೀರಿ?”

“ಅಂದ್ರು,” ಎಂದರು ಅಣ್ಣ. ಆಮೇಲೆ ನಕ್ಕೇ ಹೇಳಿದರು. “ನೀವೂ ಅಂದ್ರಿ.”

ಅವರು ಚುಚ್ಚಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ನಾಲ್ಕು ವರ್ಷ ಮೈಕಿನಲ್ಲಿ ಆಡಿದ ಒಂದೊಂದು ಚಾಷ್ಟಿಯೂ ನನ್ನ ಮುಂದೆ ಬಂದು ನಿಂತಿತು. ಕ್ಷಮಿಸಿ ಎನ್ನಲು ಹೋದೆ. ಅದೆಲ್ಲ ಬೇಡ, ಇಂಡಿಯ ಗಣಪತಿಗೆ ಬರುತ್ತೀರೋ ಇಲ್ಲವೋ ಅಷ್ಟು ಹೇಳಿ ಎಂದರು. ಆಗ ನನಗೆ ತಿಳಿಯಿತು. ನಾನು ನನ್ನ ಮಾತಿಗೆ ಅಂಟಿಕೊಂಡು ಮನೆಯಲ್ಲಿ ಕೂತರೆ ಅವರ ನಾಲ್ಕು ವರ್ಷ ನೀರಿಗೆ ಹಾಕಿದ ಹಾಗೆ. ಬರುತ್ತೇನೆ ಎಂದೆ. ಕರಿ ಮೂರರಲ್ಲಿ ಹಾಡುತ್ತೇನೆ, ಆದರೆ ಒಂದು ಷರತ್ತು. ಮೊದಲು ನೀವು ಹೊಸ ತಂತಿ ಹಾಕಿ, ಕರಿ ಐದಕ್ಕೆ ಏರಿಸಿ, ಹಕ್ಕಿ ಹಾಡನ್ನು ಗಿಟಾರೊಂದರಲ್ಲೇ ಬಾರಿಸಬೇಕು. ಅವರು ಬಹಳ ಹೊತ್ತು ಒಪ್ಪಲಿಲ್ಲ. ಕೊನೆಗೆ, ಜನರ ಮುಂದೆ ಏನೂ ಹೇಳಕೂಡದು ಎಂಬ ತಮ್ಮ ಷರತ್ತು ಹಾಕಿ ಒಪ್ಪಿದರು. ಆಗಲಿ ಎಂದೆ. ಹಾಗೆ ಹೇಳುವಾಗಲೇ ಆ ಮಾತನ್ನು ಉಳಿಸಿಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ಬ್ಯಾಂಡಿನ ಮುಂದಿನ ಕಥೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇನ್ನೆರಡು ವರ್ಷ ಬಾರಿಸಿದೆವು. ಆಮೇಲೆ ಊರೂರಿಗೆ ಡಿಜೆ ಬಂತು, ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಪೇರಿಸಿ ಟ್ರ್ಯಾಕ್ಟರಿನ ಮೇಲೆ ಎದೆ ನಡುಗುವ ಹಾಗೆ ಬಡಿಯುವುದು. ನಾಲ್ಕು ಜನರ ಬ್ಯಾಂಡನ್ನು ಕರೆಯುವವರು ಕಡಿಮೆಯಾದರು. ನಾವು ಜಗಳವಾಡಿ ಒಡೆಯಲಿಲ್ಲ, ಕೊನೆಯ ಕಾರ್ಯಕ್ರಮ ಎಂದು ಬೋರ್ಡು ಹಾಕಲಿಲ್ಲ. ನಮ್ಮದೆಂದು ಒಂದು ಕ್ಯಾಸೆಟ್ಟೂ ಇಲ್ಲ. ಆದರೆ ಸಿಂದಗಿಯಲ್ಲಿ ಅಣ್ಣನ ಬಳಿ ಸುರುಳಿ ಸುತ್ತಿಸಿಕೊಂಡ ಗಿಟಾರುಗಳು ಇವತ್ತಿಗೂ ಇವೆ. ಹೊರ್ತಿಯ ಭಜನೆಯವರು ಕರೆಂಟು ಹೋದರೆ ತಾಳ ನಿಲ್ಲಿಸುವುದಿಲ್ಲ. ಎಲ್ಲಿಂದ ಕಲಿತಿರೆಂದು ಕೇಳಿದರೆ ಮೊದಲಿನಿಂದಲೂ ಹಾಗೆಯೇ ಎನ್ನುತ್ತಾರಂತೆ. ನಮ್ಮ ಹೆಸರು ಅದರಲ್ಲಿ ಇಲ್ಲದಿರುವುದು ನನಗೆ ಹೆಮ್ಮೆಯೇ. ಮುದ್ದೇಬಿಹಾಳದ ಕಡೆ ಒಬ್ಬಳು ಹುಡುಗಿ ಹಕ್ಕಿ ಹಾಡನ್ನು ಜಾನಪದ ಎಂದು ಹೇಳಿ ಹಾಡಿದ್ದನ್ನು ನಾನೇ ಕೇಳಿದ್ದೇನೆ. ನಾನು ತಿದ್ದಲಿಲ್ಲ. ಸಾವ್ಕಾರರಿಗೆ ಫೋನು ಮಾಡಿ, ನಿಮ್ಮ ಮಾತು ನಿಮ್ಮ ಕೈಬಿಟ್ಟು ಹೋಯಿತು ಎಂದಾಗ ಅವರು ಮಗಳ ಮದುವೆ ಮಾಡಿದಷ್ಟು ಸಂತೋಷಪಟ್ಟರು.

ಇಂಡಿಯ ಆ ಗಣಪತಿಗೆ ಪೇಟೆಯ ರಸ್ತೆ ತುಂಬ ಜನ. ಇನ್ನೂ ಬೆಳಕಿತ್ತು, ಕಟ್ಟಿಯ ಮೇಲೆ, ಮಾಳಿಗೆಯ ಮೇಲೆ ಕೂತವರ ಮುಖಗಳು ಕಾಣುತ್ತಿದ್ದವು. ಅಣ್ಣ ಹೊಸ ತಂತಿ ಹಾಕಿಕೊಂಡು ಬಂದಿದ್ದರು. ಅವರು ಶುರು ಮಾಡುವ ಮೊದಲು ನಾನು ಮೈಕು ಹಿಡಿದೆ. ಮೈಕಿನಲ್ಲಿ ಆಡಿದ್ದನ್ನು ಮೈಕಿನಲ್ಲೇ ಹಿಂದಕ್ಕೆ ತೆಗೆದುಕೊಳ್ಳಬೇಕು ಎಂಬುದು ನನ್ನ ಲೆಕ್ಕ.

“ನಾಕು ವರ್ಷದಿಂದ ಅಣ್ಣಾರ ಕೈ ಇಳದೈತಿ ಅಂತ ನೀವು ಅಂತೀರಿ,” ಎಂದೆ. “ನಾನೂ ಇಲ್ಲೇ ನಿಂತು ಅಂದೇನಿ. ಇಳದಿದ್ದು ಅವರ ಕೈ ಅಲ್ರಿ, ನನ್ನ ದನಿ. ಗಂಟಲ ಆಪರೇಷನ್ ಆದಮ್ಯಾಲ ನನಗ ಮ್ಯಾಲಿಂದು ಬರಂಗಿಲ್ಲ. ನಾ ಹಾಡೂದು ಬಿಡಬಾರ್ದಂತ ಇವರು ತಮ್ಮ ತಂತಿ ಸಡಲ ಮಾಡಿಕೊಂಡು ಬಾರಿಸಿದ್ರು. ಇವತ್ತ ಮೊದಲ ಅವರದು ಕೇಳ್ರಿ.”

ಅಣ್ಣ ನನ್ನ ಕಡೆ ಒಂದು ನೋಟ ನೋಡಿದರು. ಅದರಲ್ಲಿ ಸಿಟ್ಟು ಎಷ್ಟಿತ್ತು, ಬೇರೇನಿತ್ತು ಎಂದು ನಾನು ಇವತ್ತಿಗೂ ಹೇಳಲಾರೆ. ಆಮೇಲೆ ತಲೆ ತಗ್ಗಿಸಿ ಬಾರಿಸಿದರು. ಬಿಗಿದ ತಂತಿ ನಾಲ್ಕು ವರ್ಷದ ನಂತರ ಮೊಳಗಿತು. ಹಾಡಿನ ಸಾಲುಗಳನ್ನು ಒಂದೊಂದಾಗಿ ಹೇಳಿ, ಕೂಗನ್ನು ತಾನೇ ಹಾಕಿ, ತಾನೇ ಅದನ್ನು ಎತ್ತಿಕೊಂಡು ಮಾಳಿಗೆಗಳ ಮೇಲೆ ಹೋಯಿತು. ಇಂಡಿಯ ಜನ ಎದ್ದು ನಿಂತು ಕೂಗಿದರು. ಆ ಕೈ ಯಾವತ್ತೂ ಇಳಿದಿರಲಿಲ್ಲ. ನಾನು ಪಕ್ಕದಲ್ಲಿ ಸುಮ್ಮನೆ ನಿಂತು ಕೇಳಿದೆ. ಹದಿಮೂರು ವರ್ಷದಲ್ಲಿ ಅವರ ಗಿಟಾರನ್ನು ಪೂರ್ತಿ ಕೇಳಿದ್ದು ಅವತ್ತೇ. ಅಲ್ಲಿಯವರೆಗೆ ನಾನು ಕೇಳುತ್ತಿದ್ದದ್ದು ನನ್ನನ್ನೇ.

ಇನ್ನು ನನ್ನ ಸರದಿ. ತಂತಿಗಳನ್ನು ಕರಿ ಮೂರಕ್ಕೆ ಇಳಿಸಬೇಕಿತ್ತು. ಹೊಸ ತಂತಿ, ಸಡಿಲಿಸಿದಷ್ಟೂ ಸುರ ಜಾರುತ್ತಿತ್ತು. ಈ ಕೆಲಸವನ್ನು ಅವರು ಪರದೆಯ ಹಿಂದೆ ನಾನು ಬರುವ ಮುನ್ನ ಮುಗಿಸುತ್ತಿದ್ದರು, ಈಗ ಎಲ್ಲರ ಎದುರಿಗೆ ಮಾಡಬೇಕಾಯಿತು. ಒಂದು ತಂತಿ, ಎರಡು ತಂತಿ, ಅತ್ತ ಸಾವ್ಕಾರರದು. ಇಂಡಿಯಲ್ಲಿ ಸ್ಟೇಜು ಒಂದು ನಿಮಿಷ ಖಾಲಿ ಬಿದ್ದರೆ ಸೀಟಿ ಶುರುವಾಗುತ್ತದೆ. ಅಣ್ಣನ ಬೆರಳು ಗಡಬಡಿಸಿದವು. ಅವತ್ತು ಒಂದು ಸೀಟಿಯೂ ಬರಲಿಲ್ಲ. ಹಿಂದೆಲ್ಲೋ ಕಟ್ಟಿಯ ಮೇಲಿನಿಂದ ಯಾರೋ ಹಿರಿಯರು ಹೇಳಿದ್ದು ಸ್ಟೇಜಿನ ತನಕ ಕೇಳಿಸಿತು.

“ಸಾವಕಾಶ ಮಾಡ್ರಿ ಅಣ್ಣಾರ. ನಾವು ಕುಂತೇವಿ.”

ಅಣ್ಣ ಸಾವಕಾಶವಾಗಿಯೇ ಮಾಡಿದರು. ಯಾರಿಗೂ ಕಾದು ಗೊತ್ತಿಲ್ಲದ ನಾನು ಮೈಕು ಹಿಡಿದುಕೊಂಡು, ಆರು ತಂತಿ ಇಳಿಯುವ ತನಕ ಕಾದೆ.